ನೊಣ ಕೂರದ ವಾಸನೆ

ತಸ್ರಿಪಾಳ ಕೈ ಮೂಸಿ ನೋಡಿದ ಮೇಲೆಯೇ ಕಾರ್ಖಾನೆಯ ಹಿಂದಿನ ಗೇಟು ತೆರೆಯುತ್ತಿತ್ತು.

ಮೂಸುವವನು ಜುವಾರಿ, ಗೇಟಿನ ಕಾವಲುಗಾರ. ಅವನು ಹುಟ್ಟಿದಾಗ ಮೊದಲ ಸ್ನಾನ ಮಾಡಿಸಿದವಳು ಇದೇ ತಸ್ರಿಪಾ. ಅವನ ತಾಯಿ ಈಗಲೂ ಕಡಲ ದಂಡೆಯಲ್ಲಿ ಮೀನು ಒಣಗಿಸುತ್ತಾಳೆ. ಆದರೂ ಮೂಸಬೇಕು. ಮೀನಿನ ವಾಸನೆ ಬಂದರೆ ನಲ್ಲಿಯ ಕಡೆಗೆ ಕಳಿಸಬೇಕು, ಸೋಪು ಹಚ್ಚಿಸಬೇಕು, ಮತ್ತೆ ಮೂಸಬೇಕು. ಮ್ಯಾನೇಜರರ ಹುಕುಂ ಅದು. ಹನ್ನೊಂದು ಹೆಂಗಸರು ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೈ ಚಾಚಿ ನಿಲ್ಲುತ್ತಿದ್ದರು. ಎಂಜಿನಿಯರುಗಳ ಕಾರು ಮುಂದಿನ ಗೇಟಿನಲ್ಲಿ ಒಂದು ಸಲ ಹಾರ್ನು ಹೊಡೆದರೆ ಸಾಕು, ಒಳಗೆ ಹೋಗುತ್ತಿತ್ತು. ಅವರು ಬೆಳಿಗ್ಗೆ ಏನು ಮುಟ್ಟಿ ಬಂದರೆಂದು ಯಾರೂ ಮೂಸುತ್ತಿರಲಿಲ್ಲ.

ಜುವಾರಿಗೂ ನಾಚಿಕೆ. ಮೂಗನ್ನು ಒಂದು ಗೇಣು ದೂರವೇ ನಿಲ್ಲಿಸಿ, ಉಸಿರು ಹಿಡಿದು, ಸರಿ ಎಂದು ತಲೆಯಾಡಿಸುತ್ತಿದ್ದ. ತಸ್ರಿಪಾ ಬಿಡುತ್ತಿರಲಿಲ್ಲ.

"ಹತ್ತಿರ ಬಂದು ಮೂಸಪ್ಪ. ಇದಕ್ಕೇ ತಾನೆ ನಿನಗೆ ಸಂಬಳ?"

"ಸಾಕು ಬಿಡಿ ಬುದೆ," ಅನ್ನುತ್ತಿದ್ದ ಅವನು. ಬುದೆ ಅಂದರೆ ದೊಡ್ಡಮ್ಮ. ಆ ದಂಡೆಯಲ್ಲಿ ಅರ್ಧ ಊರಿಗೆ ಅವಳು ಬುದೆ.

ಹಿಂದೆ ನಿಂತಿರುತ್ತಿದ್ದವಳು ಕುಸ್ನಿ. ಮೂವತ್ತರ ಹೆಂಗಸು, ಎರಡು ಮಕ್ಕಳ ತಾಯಿ, ಬಾಯಿಗೆ ಬೀಗವಿಲ್ಲ. ತನ್ನ ಸರದಿ ಬಂದಾಗ ಅವಳು ಕೈಯನ್ನು ಜುವಾರಿಯ ಮೂಗಿಗೇ ಒತ್ತಿ, ಬೆಳಿಗ್ಗೆ ಮೆಣಸಿನಕಾಯಿ ಸಂಬಾಲ್ ಅರೆದು ಬಂದಿದೀನಿ, ನೆಕ್ಕಿ ಬೇಕಾದ್ರೂ ನೋಡು ಅನ್ನುತ್ತಿದ್ದಳು. ಸಾಲಿನಲ್ಲಿ ನಗು. ಜುವಾರಿಗೆ ಕಣ್ಣೀರು. ಖಾರಕ್ಕೋ ನಾಚಿಕೆಗೋ ಅವನಿಗೇ ಗೊತ್ತು.

ಹೀಗೆ ನಗುತ್ತಲೇ ಒಳಗೆ ಹೋಗುತ್ತಿದ್ದರು. ನಗದೆ ಹೋದ ದಿನ ಕೆಲಸ ಕೈಗೆ ಹತ್ತುತ್ತಿರಲಿಲ್ಲ.

ಊರಿನ ಹೆಸರು ಕರಂಗ್‌ದಾವಾ. ಜಾವಾದ ಉತ್ತರ ಕಡಲಿನ ಊರು. ಇಪ್ಪತ್ತು ವರ್ಷದ ಹಿಂದೆ ದಂಡೆಯ ಉದ್ದಕ್ಕೂ ಮೀನು ಒಣಗಿಸುವ ತಟ್ಟಿಗಳಿದ್ದವು. ಬಿದಿರಿನ ಕಾಲು, ಬಿದಿರಿನ ಹೆಣಿಗೆ, ಸೊಂಟದೆತ್ತರ. ಕಲ್ಲಿದ್ದಲಿನ ಕರೆಂಟು ಕಾರ್ಖಾನೆ ಬಂತು. ದಂಡೆ ಹೋಯಿತು. ಹಡಗುಗಳಿಗೆ ಕಟ್ಟೆ ಬಂತು, ಬೂದಿಗೆ ಗುಡ್ಡ ಬಂತು, ಆಕಾಶಕ್ಕೆ ಮೂರು ಕೊಳವೆ ಬಂದವು. ಊರಿಗೆ ಉಳಿದದ್ದು ಗೋಡೆಯ ಪಕ್ಕದ ಒಂದು ಪಟ್ಟಿ ಮರಳು. ನಲವತ್ತು ತಟ್ಟಿ ಹಿಡಿಸುವಷ್ಟು. ಅದರಲ್ಲೇ ಅರವತ್ತು ಮನೆಯ ಹೆಂಗಸರು ಮೀನು ಸೀಳಿ, ಉಪ್ಪು ತುಂಬಿ, ಒಣಗಿಸಿ ಬದುಕುತ್ತಿದ್ದರು.

ಎರಡು ವರ್ಷದ ಹಿಂದೆ ಕಾರ್ಖಾನೆಯೊಳಗೆ ಹೊಸ ಟವರು ಎದ್ದಿತು. ಕಲ್ಲಿದ್ದಲು ಉರಿದಾಗ ಬರುವ ಇಂಗಾಲದ ಗಾಳಿ ಆಕಾಶಕ್ಕೆ ಹೋಗದ ಹಾಗೆ ಹಿಡಿಯುವ ಟವರು. ಭೂಮಿ ಬಿಸಿಯಾಗುತ್ತಿದೆ, ಅದಕ್ಕೆ ಇದೇ ಮದ್ದು ಎಂದು ಮ್ಯಾನೇಜರ್ ರೇಂದ್ರ ಮೊದಲ ದಿನವೇ ಹೆಂಗಸರನ್ನು ನಿಲ್ಲಿಸಿ ಹೇಳಿದ್ದರು. ಜಕಾರ್ತದವರು. ಇಸ್ತ್ರಿ ಅಂಗಿ, ತೆಳು ಮೀಸೆ, ಮಾತು ಬೆಣ್ಣೆ. ಕೊಳವೆಯಿಂದ ಹೊಗೆ ಕದ್ದು ತಣ್ಣಗೆ ಮಾಡಿ ಟವರಿನ ಬುಡಕ್ಕೆ ಬಿಡುತ್ತಾರೆ. ಮೇಲಿನಿಂದ ಒಂದು ನೀರು ಇಳಿಯುತ್ತದೆ. ಹೊಗೆ ಹತ್ತುವಾಗ ನೀರು ಇಳಿಯುವಾಗ ಎರಡೂ ಮೈಗೆ ಮೈ ತಾಗಿ, ಆ ನೀರು ಇಂಗಾಲದ ಗಾಳಿಯನ್ನು ಕುಡಿದುಬಿಡುತ್ತದೆ. ಆಮೇಲೆ ಆ ನೀರನ್ನು ಪಕ್ಕದ ಟವರಿಗೆ ಒಯ್ದು ಹಬೆಯಲ್ಲಿ ಕಾಯಿಸುತ್ತಾರೆ. ಕುಡಿದದ್ದನ್ನೆಲ್ಲ ಕಕ್ಕುತ್ತದೆ. ಆ ಗಾಳಿಯನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಭೂಮಿಯೊಳಗೆ ಹೂಳುತ್ತಾರೆ. ನೀರು ಮತ್ತೆ ಮೊದಲ ಟವರಿಗೆ ಬರುತ್ತದೆ. ಕುಡಿ, ಕಕ್ಕು. ಕುಡಿ, ಕಕ್ಕು.

ತನ್ನ ಗಂಡನೂ ದಿನಾ ಇದೇ ಕೆಲಸ ಮಾಡುವುದು, ಅವನಿಗೆ ಯಾಕೆ ಯಾರೂ ಇಷ್ಟೆತ್ತರದ ಟವರು ಕಟ್ಟಲಿಲ್ಲ ಎಂದು ಕುಸ್ನಿ ಕೇಳಿದ್ದಳು. ಮ್ಯಾನೇಜರರೂ ನಕ್ಕಿದ್ದರು. ಆಗಿನ್ನೂ ಅವರು ನಗುತ್ತಿದ್ದರು.

ಆ ನೀರನ್ನು ಹೆಂಗಸರು ಮದ್ದು ಅನ್ನುತ್ತಿದ್ದರು. ಮದ್ದಿಗೆ ಹೊಗೆಯ ಮಸಿ ಸೇರುತ್ತದೆ. ಮಸಿ ಸೋಸಲು ಕಬ್ಬಿಣದ ಹಂಡೆ. ಹಂಡೆಯೊಳಗೆ ನೂಲು ಸುತ್ತಿದ ಫಿಲ್ಟರು ಕೋಲುಗಳು, ಒಂದೊಂದೂ ಒಂದು ಮೊಳ. ಹನ್ನೊಂದು ಹೆಂಗಸರ ಕೆಲಸ ಅದೇ. ಮುಚ್ಚಳ ತೆಗೆದ ಮೇಲೆ ಬಗ್ಗಿ, ಭುಜದವರೆಗೆ ಕೈ ಇಳಿಸಿ, ಕಪ್ಪಗೆ ಊದಿದ ಕೋಲುಗಳನ್ನು ಕಿತ್ತು ಹೊರಗೆಳೆಯಬೇಕು. ಒದ್ದೆ ಕೋಲು ನೆನೆದ ಹಾಸಿಗೆಯಷ್ಟು ಭಾರ. ಡ್ರಮ್ಮಿಗೆ ತುಂಬಬೇಕು. ಹೊಸ ಕೋಲು ಇಳಿಸಬೇಕು. ದಿನಕ್ಕೆ ಮೂರು ಸಲ. ಮಸಿ ಹೆಚ್ಚಿದ ದಿನ ನಾಲ್ಕು.

ಮದ್ದು ಕೈಗೆ ತಾಗಿದರೆ ಮೊದಲು ಸೋಪಿನ ಹಾಗೆ ಜಾರುತ್ತದೆ. ಹಿತವಾಗಿಯೇ ಇರುತ್ತದೆ. ಸಂಜೆಗೆ ಚರ್ಮ ಬಿಗಿಯುತ್ತದೆ. ಬೆಳಿಗ್ಗೆಗೆ ಬಿರಿಯುತ್ತದೆ. ಗ್ಲೌಸು ಅಂತ ಕೊಡುತ್ತಿದ್ದದ್ದು ಪಾತ್ರೆ ತೊಳೆಯುವ ತೆಳು ರಬ್ಬರು, ತಿಂಗಳಿಗೆ ಒಂದು ಜೊತೆ. ಅದು ಮೂರನೆಯ ದಿನಕ್ಕೆ ಹರಿದು, ಮದ್ದು ಒಳಗೆ ನಿಂತು, ಕೈ ಅದರಲ್ಲೇ ನೆನೆಯುತ್ತಿತ್ತು. ಅದಕ್ಕಿಂತ ಬರಿಗೈಯೇ ವಾಸಿ ಎಂದು ಬಿಟ್ಟರು. ವರ್ಷ ತುಂಬುವಷ್ಟರಲ್ಲಿ ತಸ್ರಿಪಾಳ ಬೆರಳಿನ ಗೆರೆಗಳು ಅಳಿಸಿಹೋದವು. ಹಾಜರಿ ಹಾಕುವ ಯಂತ್ರಕ್ಕೆ ಬೆರಳಿಟ್ಟರೆ ಕೆಂಪು ದೀಪ. ಮತ್ತೆ ಇಟ್ಟರೆ ಮತ್ತೆ ಕೆಂಪು. ಎದುರಿಗೆ ನಿಂತಿದ್ದರೂ ಅವಳು ಬಂದಿಲ್ಲ ಅನ್ನುತ್ತಿತ್ತು ಯಂತ್ರ. ಅವಳಿಗೆ ಐವತ್ತೆಂಟು ವಯಸ್ಸು, ಚಿಕ್ಕಂದಿನಿಂದ ಈ ಕೈಯಿಂದ ಮೀನು ಸೀಳಿದ್ದಾಳೆ, ಮುಳ್ಳು ಚುಚ್ಚಿದೆ, ಉಪ್ಪು ಸುಟ್ಟಿದೆ. ಗೆರೆಗಳು ಎಲ್ಲಿಗೂ ಹೋಗಿರಲಿಲ್ಲ.

ವಾಸನೆ ಶುರುವಾದದ್ದು ಮೊದಲ ಮಳೆಗಾಲ ಕಳೆದ ಮೇಲೆ. ಮದ್ದು ತಳ್ಳುವ ದೊಡ್ಡ ಪಂಪಿನ ಕುತ್ತಿಗೆಯಲ್ಲಿ ಹನಿಯತೊಡಗಿತು. ಹನಿಯ ಕೆಳಗೆ ಬಕೆಟ್ಟು ಇಟ್ಟರು. ಬಕೆಟ್ಟು ತುಂಬಿದರೆ ಚರಂಡಿಗೆ ಸುರಿಯುವವಳು ತಸ್ರಿಪಾ. ಹಳತಾದ ಮದ್ದು ನಾರುತ್ತಿತ್ತು. ಕೊಳೆತ ಮೀನಿನ ಹಾಗೆಯೇ.

ಎಂಜಿನಿಯರುಗಳು ಮೂಗು ಮುಚ್ಚಿ ಗೋಡೆಯ ಕಡೆ ನೋಡಿದರು. ಗೋಡೆಯಾಚೆ ತಟ್ಟಿಗಳು. ಅವರಿಗೆ ಅಷ್ಟು ಸಾಕಾಯಿತು. ಮೀನಿನ ಹೆಂಗಸರದ್ದೇ ವಾಸನೆ ಎಂದು ವರದಿ ಬರೆದರು. ಕೈ ಮೂಸುವ ಪದ್ಧತಿ ಆಗ ಬಂತು.

ತಸ್ರಿಪಾ ಮ್ಯಾನೇಜರರ ಕೋಣೆಗೆ ಹೋಗಿ ಹೇಳಿದಳು. ಒಂದು ಸಲವಲ್ಲ, ಮೂರು ಸಲ. ಮೊದಲ ಸಲ ಕೇಳಿಸಿಕೊಂಡರು. ಎರಡನೆಯ ಸಲ, ಆ ಪಂಪಿನ ಬಿಡಿಭಾಗ ಹೊರದೇಶದಿಂದ ಬರಬೇಕು, ಅಲ್ಲಿಯವರೆಗೆ ಸುಮ್ಮನಿರಿ ಅಂದರು. ಮೂರನೆಯ ಸಲ ಅವಳು ಒಂದು ಚಿಂದಿಯನ್ನು ಬಕೆಟ್ಟಿನಲ್ಲಿ ಅದ್ದಿ, ಅವರ ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಪಕ್ಕದಲ್ಲಿ ಒಂದು ಒಣಮೀನು ಇಟ್ಟಳು.

"ನೋಡ್ತಾ ಇರಿ ಪಾಕ್," ಅಂದಳು. ಪಾಕ್ ಅಂದರೆ ಸಾಹೇಬರಿಗೆ, ದೊಡ್ಡವರಿಗೆ ಕರೆಯುವ ಮಾತು.

ಒಂದು ನಿಮಿಷಕ್ಕೆ ಮೀನಿನ ಮೇಲೆ ನಾಲ್ಕು ನೊಣ ಕೂತವು. ಚಿಂದಿಯ ಹತ್ತಿರ ಹಾರಿದ ಒಂದು ನೊಣ ಹಾಗೇ ತಿರುಗಿಹೋಯಿತು.

"ಮೀನಿನ ವಾಸನೆಗೆ ನೊಣ ಬರತ್ತೆ. ನಿಮ್ಮ ವಾಸನೆಗೆ ನೊಣಾನೂ ಕೂರಲ್ಲ."

ಮ್ಯಾನೇಜರರು ಮೀನನ್ನೂ ಚಿಂದಿಯನ್ನೂ ಒಟ್ಟಿಗೆ ಕಸದ ಬುಟ್ಟಿಗೆ ತಳ್ಳಿಸಿದರು. ಕೋಣೆಗೆ ಸುಗಂಧ ಹೊಡೆಸಿದರು. ಅವಳನ್ನು ಹೊರಗೆ ಕಳಿಸಿದರು.

ಎರಡು ವಾರಕ್ಕೆ ಊರಿಗೆ ಕಾಗದ ಬಂತು. ಕಾರ್ಖಾನೆಯ ಗೋಡೆಯಿಂದ ಇನ್ನೂರು ಮೀಟರಿನೊಳಗೆ ಮೀನು ಒಣಗಿಸಬಾರದು. ದುರ್ವಾಸನೆಯಿಂದ ಯೋಜನೆಗೆ ಅಡ್ಡಿಯಾಗುತ್ತಿದೆ. ತಿಂಗಳೊಳಗೆ ತಟ್ಟಿ ಕಿತ್ತು ಜಾಗ ಬಿಡಬೇಕು. ಕುಸ್ನಿ ಅದನ್ನು ದಂಡೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಗೋಡೆಯಿಂದ ಇನ್ನೂರು ಮೀಟರು ಅಂದರೆ ಕಡಲಿನೊಳಗೆ. ಹಾಗಾದರೆ ತೇಲುವ ತಟ್ಟಿ ಹೆಣೆಯಬೇಕು ಎಂದು ಯಾರೋ ಅಂದರು. ಯಾರೂ ನಗಲಿಲ್ಲ. ಅರವತ್ತು ಮನೆಯ ಒಲೆ ಆ ಮರಳಿನ ಮೇಲೆ ನಿಂತಿತ್ತು.

ಕಾಗದಕ್ಕೆ ಕಾರಣ ಬೇರೆ ಇತ್ತು. ಇಂಥದ್ದೇ ಇನ್ನೂ ದೊಡ್ಡ ಟವರು ಕಟ್ಟಲು ದುಡ್ಡು ಕೊಡುವ ದೇಶಗಳಿಂದ ಎಂಟು ಜನ ನೋಡಲು ಬರುವವರಿದ್ದರು. ಅವರ ಮೂಗಿಗೆ ವಾಸನೆ ಬಡಿಯುವುದು ಖಂಡಿತ. ಬಡಿದರೆ ತೋರಿಸಲು ಒಂದು ಊರು ಬೇಕಿತ್ತು.

ಮ್ಯಾನೇಜರರು ತಸ್ರಿಪಾಳನ್ನು ಕರೆಸಿದರು. ಈ ಸಲ ಕುರ್ಚಿ ಕೊಟ್ಟರು. ಸಿಹಿ ಚಹಾ ತರಿಸಿದರು. ಅವಳ ವಯಸ್ಸು, ಅವಳ ಅನುಭವ, ಊರಿನಲ್ಲಿ ಅವಳ ಮಾತಿಗಿರುವ ಬೆಲೆ ಎಲ್ಲವನ್ನೂ ಹೊಗಳಿದರು. ಬರುವ ಅತಿಥಿಗಳು ವಾಸನೆಯ ಮಾತೆತ್ತಿದರೆ ಅವಳೇ ಹೇಳಬೇಕು, ತಾನೂ ಮೀನು ಒಣಗಿಸುವವಳು, ಇದು ನಮ್ಮದೇ ವಾಸನೆ ಎಂದು. ಅಷ್ಟೇ. ಮಾರನೆಯ ತಿಂಗಳಿಂದ ಅವಳ ಕೆಲಸ ಖಾಯಂ. ಫೋಟೋ ಇರುವ ಕಾರ್ಡು. ಮುಂದಿನ ಗೇಟು. ಯಾರೂ ಮೂಸುವುದಿಲ್ಲ.

ಹೇಳದಿದ್ದರೆ ಏನೆಂದು ಅವಳು ಕೇಳಲಿಲ್ಲ. ಅವರೂ ಹೇಳಲಿಲ್ಲ. ಎದುರಿಗೆ ಚಹಾ ಆರಿತು.

"ಯಾವತ್ತು ಬರೋದು ಪಾಕ್?" ಎಂದಷ್ಟೇ ಕೇಳಿದಳು.

"ಶುಕ್ರವಾರ ಇಟ್ಟಿದೀನಿ, ಇದೇ ಇಪ್ಪತ್ಮೂರಕ್ಕೆ." ಶುಕ್ರವಾರವಾದರೆ ಮಧ್ಯಾಹ್ನದ ನಮಾಜಿನ ನೆಪದಲ್ಲಿ ಬೇಗ ಮುಗಿಸಬಹುದು, ಅತಿಥಿಗಳು ಮೂಲೆಮೂಲೆ ಇಣುಕುವುದಿಲ್ಲ ಎಂಬುದು ಅವರ ಜಾಣತನ.

ತಸ್ರಿಪಾ ಮನಸ್ಸಿನಲ್ಲೇ ಬೆರಳು ಮಡಿಸಿದಳು. ಜಾವಾದವರಿಗೆ ಏಳು ದಿನದ ವಾರದ ಜೊತೆಗೆ ಐದು ದಿನದ ಇನ್ನೊಂದು ವಾರ ಇದೆ. ಅದರ ಐದನೆಯ ದಿನ ಕ್ಲಿವೋನ್. ಮೂವತ್ತೈದು ದಿನಕ್ಕೊಮ್ಮೆ ಶುಕ್ರವಾರವೂ ಕ್ಲಿವೋನೂ ಒಂದೇ ದಿನ ಬೀಳುತ್ತವೆ. ಅವತ್ತು ಕರಂಗ್‌ದಾವಾದಲ್ಲಿ ದೋಣಿ ಇಳಿಯುವುದಿಲ್ಲ. ಬುಧವಾರವೇ ಕಡೆಯ ಮೀನು ಸಂತೆಗೆ ಹೋಗಿರುತ್ತದೆ. ಗುರುವಾರ ಹೆಂಗಸರು ತಟ್ಟಿಗಳನ್ನು ಕಡಲಿಗೆ ಒಯ್ದು, ಮರಳಿನಲ್ಲಿ ಉಜ್ಜಿ ತೊಳೆಯುತ್ತಾರೆ. ಶುಕ್ರವಾರ ಬರೀ ತಟ್ಟಿಗಳು ಬಿಸಿಲಿಗೆ ಮಲಗಿರುತ್ತವೆ. ಅಜ್ಜಿಯ ಅಜ್ಜಿಯ ಕಾಲದಿಂದ ಹಾಗೆ. ಕಡಲಿಗೂ ತಟ್ಟಿಗೂ ಒಂದು ದಿನ ಬಿಡುವು.

ಅವಳು ಮೋಸಗಾತಿಯಲ್ಲ. ಬಾಯಿಬಿಟ್ಟು ಹೇಳಿದಳು.

"ಆ ದಿನ ಬೇಡ ಪಾಕ್. ಅವತ್ತು ಕ್ಲಿವೋನ್ ಶುಕ್ರವಾರ."

ಮ್ಯಾನೇಜರರ ತೆಳು ಮೀಸೆ ಅರಳಿತು. ಇದು ವಿಜ್ಞಾನದ ಜಾಗ, ದೆವ್ವ ಓಡಾಡುವ ದಿನ, ಒಳ್ಳೆಯ ದಿನ, ಕೆಟ್ಟ ದಿನ ಅನ್ನುವುದನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಮೃದುವಾಗಿ ಬುದ್ಧಿ ಹೇಳಿದರು. ಇಂಥ ನಂಬಿಕೆಗಳಿಂದಲೇ ನೀವು ಹೀಗೆ ಉಳಿದಿದ್ದೀರಿ ಅಂದರು. ಅವಳು ಬಾಯಿ ತೆರೆದಳು. ಅವರು ಕೈ ಎತ್ತಿ ಸಾಕು ಅಂದರು.

ಸರಿ ಎಂದು ಎದ್ದು ಬಂದಳು.

ದಂಡೆಯಲ್ಲಿ ಹೇಳಿದಾಗ ಕುಸ್ನಿ ಮೀನು ಸೀಳುವ ಕತ್ತಿ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಳು. ಉಳಿದವರಿಗೂ ಹತ್ತಿಕೊಂಡಿತು. ನಕ್ಕು ಮುಗಿದ ಮೇಲೆ ಒಬ್ಬಳು ಮೆಲ್ಲಗೆ ಕೇಳಿದಳು, ಅತಿಥಿಗಳ ಮುಂದೆ ಬುದೆ ಏನು ಹೇಳುತ್ತಾಳೆ ಎಂದು. ತಸ್ರಿಪಾಳ ಸೊಸೆ ಬಸುರಿ, ಮಗ ದೋಣಿ ಬಿಟ್ಟು ಕೂತಿದ್ದಾನೆ, ಆ ಮನೆಯಲ್ಲಿ ತಿಂಗಳ ಸಂಬಳ ಅಂತ ಬರುವುದು ಅವಳದ್ದೊಂದೇ ಎಂದು ಎಲ್ಲರಿಗೂ ಗೊತ್ತಿತ್ತು. ತಸ್ರಿಪಾ ಉಪ್ಪಿನ ಮೂಟೆಗೆ ಕೈ ಹಾಕಿದಳು. ಬಿರಿದ ಕೈಗೆ ಉಪ್ಪು ಹೊಕ್ಕಿತು. ಹಲ್ಲು ಕಚ್ಚಿದಳು. ಏನು ಹೇಳುತ್ತೇನೆಂದು ನಿಜವಾಗಿ ಅವಳಿಗೇ ಆಗ ಗೊತ್ತಿರಲಿಲ್ಲ.

ಶುಕ್ರವಾರ ಬಂತು. ಹನ್ನೊಂದು ಜನಕ್ಕೂ ಹೊಸ ನೀಲಿ ಅಂಗಿ, ಹಳದಿ ಹೆಲ್ಮೆಟ್ಟು. ಬೆಲೆಯ ಚೀಟಿ ಕೀಳಬಾರದು, ಸಂಜೆ ವಾಪಸು ಕೊಡಬೇಕು ಎಂದು ಹೇಳಿದ್ದರು. ಬಕೆಟ್ಟನ್ನು ಮರೆಮಾಡಿ ಮುಂದೆ ಒಂದು ಹಲಗೆ ನಿಲ್ಲಿಸಿದ್ದರು. ಹಲಗೆಯ ಮೇಲೆ ಹಸಿರು ಎಲೆಯ ಚಿತ್ರ. ಅತಿಥಿಗಳಿಗೆ ತೋರಿಸಬೇಕೆಂದು ಟವರನ್ನು ಪೂರಾ ಜೋರಿನಲ್ಲಿ ಓಡಿಸುತ್ತಿದ್ದರು. ಪಂಪೂ ಜೋರು, ಹನಿಯೂ ಜೋರು. ಬೆಳಿಗ್ಗೆ ಎಂಟಕ್ಕೇ ನಾತ ಗೋಡೆ ಹಿಡಿದು ನಿಂತಿತ್ತು.

ಒಂಬತ್ತೂವರೆಗೆ ಎಂಟು ಬಿಳಿ ಹೆಲ್ಮೆಟ್ಟುಗಳು ಬಂದವು. ಮುಂದಿದ್ದವಳು ಒಬ್ಬ ಎತ್ತರದ ಹೆಂಗಸು, ನರೆತ ಕೂದಲು. ಜೊತೆಗೆ ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುವ ಹುಡುಗಿ. ಪಂಪಿನ ಹತ್ತಿರ ಬರುತ್ತಿದ್ದಂತೆ ಎತ್ತರದವಳ ಮೂಗು ಮುದುರಿತು. ಏನೋ ಕೇಳಿದಳು.

ಮ್ಯಾನೇಜರರು ಕಾಯುತ್ತಿದ್ದವರ ಹಾಗೆ ನಕ್ಕರು. ಪಕ್ಕದಲ್ಲಿ ಮೀನು ಒಣಗಿಸುವ ಊರಿದೆ, ಪಾಪದ ಜನ, ಹಳೆಯ ಕಸುಬು, ಅವರಿಗೆ ಬೇರೆ ಜಾಗ ಮಾಡಿಕೊಡುತ್ತಿದ್ದೇವೆ ಅಂದರು. ಎಲ್ಲವನ್ನೂ ಹುಡುಗಿ ದಾಟಿಸಿದಳು. ಎತ್ತರದವಳ ಮುಖ ಅರಳಿತು. ಮೀನು ಒಣಗಿಸುವುದನ್ನು ನೋಡಬೇಕಂತೆ. ಫೋಟೋ ತೆಗೆಯಬೇಕಂತೆ.

ಟವರಿನ ಮೆಟ್ಟಿಲು ಹತ್ತಿದರೆ ಗೋಡೆಯಾಚೆ ಕಾಣುತ್ತದೆ. ಮ್ಯಾನೇಜರರು ತಾವೇ ಮುಂದಾಗಿ ಹತ್ತಿಸಿದರು. ತಸ್ರಿಪಾಳಿಗೂ ಬಾ ಎಂದು ಸನ್ನೆ ಮಾಡಿದರು. ಮೂರು ಸುತ್ತು ಹತ್ತಿ ಎಲ್ಲರೂ ಕಂಬಿ ಹಿಡಿದು ನಿಂತರು.

ದಂಡೆಯಲ್ಲಿ ನಲವತ್ತು ತಟ್ಟಿಗಳು. ತೊಳೆದ ಬಿದಿರು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಮೀನಿಲ್ಲ. ಒಂದು ಹೆಂಗಸಿಲ್ಲ. ನಡುವಿನ ತಟ್ಟಿಯ ಮೇಲೆ ಒಂದು ಬೆಕ್ಕು ಕಾಲು ಚಾಚಿ ಮಲಗಿತ್ತು. ದೋಣಿಗಳೆಲ್ಲ ದಡದಲ್ಲಿ ಸಾಲಾಗಿ ನಿಂತಿದ್ದವು.

ಎತ್ತರದವಳು ಎತ್ತಿದ ಕ್ಯಾಮೆರಾ ಇಳಿಸಿದಳು. ಒಂದೇ ಮಾತು ಕೇಳಿದಳು. ಹುಡುಗಿ ದಾಟಿಸಿದಳು: "ಮೀನು ಎಲ್ಲಿದೆ ಅಂತ ಕೇಳ್ತಿದಾರೆ."

ಮ್ಯಾನೇಜರರು ದಂಡೆ ನೋಡಿದರು. ತಸ್ರಿಪಾಳನ್ನು ನೋಡಿದರು. ಅವರ ಕತ್ತಿನ ಹಿಂದೆ ಬೆವರು ಇಳಿಯುವುದು ಕಂಡಿತು.

"ಮನೆ ಒಳಗಡೆ ಇಟ್ಟಿದೀರಲ್ವಾ ಬು? ಹೇಳಿ. ಮನೆಯೊಳಗೆ ಒಣಗಿಸ್ತಾರೆ ಅಂತ ಹೇಳಿ." ಅವತ್ತಿನವರೆಗೆ ಅವಳನ್ನು ಅವರು ಬು ಎಂದು, ಅಮ್ಮ ಎಂದು ಕರೆದಿರಲಿಲ್ಲ.

ಒಂದು ಮಾತು. ಹೌದು ಅಂದರೆ ಮುಗಿಯಿತು. ಕಾರ್ಡು, ಮುಂದಿನ ಗೇಟು. ಸೊಸೆಯ ಹೆರಿಗೆ. ತಸ್ರಿಪಾ ಕೆಳಗೆ ನೋಡಿದಳು. ಹತ್ತು ಹಳದಿ ಹೆಲ್ಮೆಟ್ಟು ಮೇಲೆ ನೋಡುತ್ತಿದ್ದವು. ಆಚೆ ನೋಡಿದಳು. ಅವಳ ತಾಯಿ ಸತ್ತದ್ದು ಆ ಮೂರನೆಯ ಸಾಲಿನ ತಟ್ಟಿಯ ಹತ್ತಿರ, ಕೈಯಲ್ಲಿ ಮೀನು ಹಿಡಿದುಕೊಂಡೇ. ಆ ತಾಯಿಯ ಕೈಯನ್ನು ಯಾರೂ ಮೂಸಿರಲಿಲ್ಲ.

"ಮನೆಯೊಳಗೆ ಮೀನು ಒಣಗಲ್ಲ ಪಾಕ್, ಕೊಳೆಯತ್ತೆ," ಅಂದಳು. ದನಿ ಏರಲಿಲ್ಲ. "ಇವತ್ತು ನಮ್ಮೂರಲ್ಲಿ ಒಂದು ಮೀನಿಲ್ಲ. ನಿನ್ನೆನೂ ಇರಲಿಲ್ಲ. ಈ ದಿನ ಬೇಡ ಅಂತ ನಿಮಗೆ ಹೇಳಿದ್ದೆ. ಈ ವಾಸನೆ ನಿಮ್ಮದು."

ಹುಡುಗಿ ಬಾಯಿ ಮುಚ್ಚಿಕೊಂಡು ಮ್ಯಾನೇಜರರ ಮುಖ ನೋಡಿದಳು. ಅವರು ಬೇಡ ಎಂದು ಕಣ್ಣು ಮಾಡಿದರು. ಎತ್ತರದವಳು ಅದನ್ನು ಕಂಡಳು. ಹುಡುಗಿಯ ಕಡೆ ತಿರುಗಿ ಕಾದಳು. ಹುಡುಗಿ ಒಂದೂ ಬಿಡದೆ ದಾಟಿಸಿದಳು.

ತಸ್ರಿಪಾ ಇಳಿದಳು. ಯಾರೂ ಬಾ ಅನ್ನಲಿಲ್ಲ, ಎಲ್ಲರೂ ಹಿಂದೆ ಇಳಿದರು. ಹಸಿರು ಎಲೆಯ ಹಲಗೆಯನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಹನಿ, ಬಕೆಟ್ಟು. ಬಕೆಟ್ಟು ಬಾಯಿಮಟ್ಟ ತುಂಬಿತ್ತು. ಎತ್ತರದವಳು ಬಗ್ಗಿದವಳೇ ತಟ್ಟನೆ ಹಿಂದೆ ಸರಿದಳು. ತಸ್ರಿಪಾ ತನ್ನ ಎರಡೂ ಅಂಗೈ ತಿರುಗಿಸಿ ಹಿಡಿದಳು. ಬೆಳ್ಳಗೆ ಬಿರಿದ ಅಂಗೈ. ಅದಕ್ಕೆ ಯಾರೂ ಏನೂ ದಾಟಿಸಬೇಕಾಗಿರಲಿಲ್ಲ.

ಅತಿಥಿಗಳನ್ನು ಊಟದ ಕೋಣೆಗೆ ಕರೆದೊಯ್ದ ಮೇಲೆ ಮ್ಯಾನೇಜರರು ವಾಪಸು ಬಂದರು. ಬೆಣ್ಣೆ ಕರಗಿಹೋಗಿತ್ತು.

"ಈಗಿಂದೀಗ ಹೊರಗೆ ನಡಿ. ನಾಳೆಯಿಂದ ಈ ಗೇಟಿನ ಹತ್ತಿರ ಕಾಣಿಸಬೇಡ."

ಅವಳು ಹೆಲ್ಮೆಟ್ಟು ತೆಗೆದು ಪಂಪಿನ ಮೇಲಿಟ್ಟಳು. ರವಿಕೆಯ ಮೇಲೆ ಹಾಕಿದ್ದ ನೀಲಿ ಅಂಗಿಯನ್ನು ಬೆಲೆಯ ಚೀಟಿ ಸಮೇತ ಮಡಿಸಿ ಅದರ ಮೇಲಿಟ್ಟಳು. ಅವಳು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದೆ ಟಪ್ಪೆಂದು ಇನ್ನೊಂದು ಹೆಲ್ಮೆಟ್ಟಿನ ಸದ್ದು. ಕುಸ್ನಿಯದು. ಆಮೇಲೆ ಇನ್ನೊಂದು. ಮತ್ತೊಂದು. ಹತ್ತೂ ಇಳಿದವು.

"ನೀವೆಲ್ಲಿಗೆ? ನಿಮಗೆ ಹೇಳಲಿಲ್ಲ," ಅಂದರು ಮ್ಯಾನೇಜರರು.

"ನಮ್ಮ ಕೈನೂ ಅದೇ ಕೈ ಪಾಕ್," ಅಂದಳು ಕುಸ್ನಿ. "ಬೇಕಾದ್ರೆ ಮೂಸಿ ನೋಡಿ."

ಗೇಟಿನಲ್ಲಿ ಜುವಾರಿ ಎದ್ದು ನಿಂತು ಬಾಗಿಲು ಪೂರಾ ತೆರೆದ.

ಹನ್ನೆರಡಕ್ಕೆ ಫಿಲ್ಟರು ಬದಲಿಸುವ ಹೊತ್ತು. ಬದಲಿಸುವವರು ದಂಡೆಯ ಬೇವಿನ ನೆರಳಲ್ಲಿ ಕೂತು ಬಾಳೆಲೆಯ ಮೇಲೆ ಅನ್ನ, ಸೋಯಾ ಕಾಳಿನ ತೆಂಪೆ, ಸಂಬಾಲ್ ಹರಡಿಕೊಂಡಿದ್ದರು. ಮೀನೊಂದು ಇರಲಿಲ್ಲ ಅಷ್ಟೇ. ಒಳಗಿನ ಗಂಡಸರೆಲ್ಲ ಮಸೀದಿಯ ಕಡೆ ಹೋಗಿದ್ದರು. ಎಂಜಿನಿಯರುಗಳಿಗೆ ಫಿಲ್ಟರಿನ ಲೆಕ್ಕ ಗೊತ್ತಿತ್ತು, ಹಂಡೆಯೊಳಗೆ ಕೈ ಇಳಿಸಿ ಗೊತ್ತಿರಲಿಲ್ಲ. ಟವರು ಮಾತ್ರ ಪೂರಾ ಜೋರಿನಲ್ಲಿ ಓಡುತ್ತಲೇ ಇತ್ತು. ಮಸಿ ಕಟ್ಟಿತು. ಮಸಿ ತುಂಬಿದ ಮದ್ದು ಅನ್ನದ ಗಂಜಿಯ ಹಾಗೆ ಉಕ್ಕುತ್ತದೆ. ಒಂದೂವರೆಗೆ ಟವರಿನ ತುದಿಯಲ್ಲಿ ಕಂದು ನೊರೆ ಕಾಣಿಸಿಕೊಂಡಿತು. ಮೊದಲು ಒಂದು ಟೊಪ್ಪಿಯಷ್ಟು. ಆಮೇಲೆ ಪಕ್ಕದಿಂದ ಗಡ್ಡದ ಹಾಗೆ ಇಳಿಯಿತು.

"ಕುಡಿದಿದ್ದು ಜಾಸ್ತಿ ಆಯ್ತು ಅಂತ ಕಾಣತ್ತೆ," ಅಂದಳು ಕುಸ್ನಿ.

ಸೈರನ್ನು ಕೂಗಿತು. ಟವರು ನಿಂತಿತು. ಬಿಳಿ ಹೆಲ್ಮೆಟ್ಟುಗಳು ಊಟದ ಕೋಣೆಯಿಂದ ಹೊರಗೆ ಬಂದು ಮೇಲೆ ನೋಡುತ್ತ ನಿಂತವು. ಇಂಗಾಲದ ಗಾಳಿ ಯಾವತ್ತಿನ ಹಾಗೆ ದೊಡ್ಡ ಕೊಳವೆಯಿಂದ ಆಕಾಶಕ್ಕೆ ಹೋಯಿತು.

ಎರಡೂವರೆಗೆ ಜುವಾರಿ ಮೋಟರ್ ಬೈಕಿನಲ್ಲಿ ಮರಳು ಹಾರಿಸುತ್ತ ಬಂದ. ಆದದ್ದಾಯಿತು, ಮರೆತುಬಿಡಿ, ಬೇಗ ಬಂದು ಫಿಲ್ಟರು ಬದಲಿಸಿ, ಯಾರ ಕೆಲಸವೂ ಹೋಗಿಲ್ಲ ಎಂದು ಮ್ಯಾನೇಜರರು ಹೇಳಿ ಕಳಿಸಿದ್ದರು.

ತಸ್ರಿಪಾ ಕೈ ತೊಳೆದು, ಹೆಗಲ ಬಟ್ಟೆಗೆ ಒರೆಸಿಕೊಂಡು, ಎರಡೇ ಮಾತು ಹೇಳಿದಳು. ತಟ್ಟಿ ಕೀಳಿ ಎಂಬ ಕಾಗದ ವಾಪಸು, ವಾಸನೆ ಪಂಪಿನದು ಎಂದು ಬರೆದು ಸಹಿ ಮಾಡಬೇಕು. ಮತ್ತೆ ಗ್ಲೌಸು, ಭುಜದವರೆಗೆ ಬರುವಂಥದ್ದು, ಎಂಜಿನಿಯರುಗಳು ಅಲ್ಮೇರಾದಲ್ಲಿ ಇಟ್ಟುಕೊಂಡಿರುವಂಥದ್ದು.

"ಅವರು ಒಪ್ಪಬೇಕಲ್ಲ ಬುದೆ?"

"ಒಪ್ಪದೇ ಇದ್ರೆ ಅವರೇ ಕೈ ಹಾಕಲಿ. ಹಂಡೆ ಅಲ್ಲೇ ಇದೆ."

ಜುವಾರಿ ಹೋದ. ಮುಕ್ಕಾಲು ಗಂಟೆ ಕಳೆಯಿತು. ಒಬ್ಬಿಬ್ಬರು ಗೊಣಗಿದರು, ತೀರಾ ಎಳೆಯುತ್ತಿದ್ದೇವೋ ಏನೋ ಎಂದು. ಬಾಡಿಗೆ ಮನೆಯವಳೊಬ್ಬಳು ಎದ್ದು ನಿಂತು ಗೇಟಿನ ಕಡೆ ನೋಡಿದಳು. ಯಾರೂ ಅವಳನ್ನು ತಡೆಯಲಿಲ್ಲ. ತುಸು ಹೊತ್ತು ನಿಂತು ತಾನೇ ಕೂತಳು.

ಜುವಾರಿ ಮತ್ತೆ ಬಂದ. ಈ ಸಲ ಕಂಕುಳಲ್ಲಿ ಪೊಟ್ಟಣ, ಕೈಯಲ್ಲಿ ಕಾಗದ. ಕುಸ್ನಿ ಕಾಗದ ಕಸಿದು ಗಟ್ಟಿಯಾಗಿ ಓದಿದಳು. ತಟ್ಟಿಗಳ ಮೇಲಿನ ಆಜ್ಞೆ ರದ್ದು. ದುರ್ವಾಸನೆಗೆ ಕಾರಣ ಪಂಪಿನ ಸೋರಿಕೆ. ಕೆಳಗೆ ರೇಂದ್ರರ ಸಹಿ, ಮೊಹರು. ಮೊಹರಿನ ಶಾಯಿ ಇನ್ನೂ ಒದ್ದೆ. ಎರಡು ಸಲ ಓದಿಸಿದರು. ದಂಡೆಯ ಮನೆಗಳಿಂದ ಹೆಂಗಸರು ಹೊರಬಂದರು, ಅವರಿಗಾಗಿ ಮೂರನೆಯ ಸಲ. ಮುದುಕಿಯೊಬ್ಬಳು ಹೋಗಿ ಒಂದು ತಟ್ಟಿಯ ಕಾಲು ಮುಟ್ಟಿ ಬಂದಳು. ತಸ್ರಿಪಾ ಕಾಗದವನ್ನು ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಇಟ್ಟಳು.

ಆಮೇಲೆ ಪೊಟ್ಟಣ ಬಿಚ್ಚಿದಳು. ದಪ್ಪ ಕಪ್ಪು ಗ್ಲೌಸು, ಭುಜದುದ್ದ. ಒಳ್ಳೆಯ ಮಾಲು. ಒಂದೊಂದಾಗಿ ಮರಳಿನ ಮೇಲೆ ಜೋಡಿಸಿದಳು. ಆರು. ಪೊಟ್ಟಣವನ್ನು ಬುಡಮೇಲು ಮಾಡಿ ಕೊಡವಿದಳು. ಮತ್ತೇನೂ ಬೀಳಲಿಲ್ಲ.

"ಮೂರೇ ಜೊತೆ ಇದ್ದಿದ್ದಂತೆ," ಅಂದ ಜುವಾರಿ, ತಲೆ ತಗ್ಗಿಸಿ. "ಸದ್ಯಕ್ಕೆ ಮೂರು ಜನ ಬಂದ್ರೂ ಸಾಕಂತೆ. ಉಳಿದೋರಿಗೆ ಮುಂದಿನ ತಿಂಗಳು ನೋಡ್ತಾರಂತೆ."

ಎಲ್ಲರ ಕಣ್ಣೂ ಆ ಆರು ಗ್ಲೌಸಿನ ಮೇಲೆ. ಯಾವ ಮೂವರು? ಅದೇ ಲೆಕ್ಕ ಹನ್ನೊಂದು ತಲೆಯಲ್ಲೂ ಓಡಿತು. ಓಡಲಿ ಎಂದೇ ಅವನ್ನು ಕಳಿಸಿದ್ದರು. ತಸ್ರಿಪಾ ಒಂದನ್ನು ಎತ್ತಿ ಕೈಗೆ ಹಾಕಿ ನೋಡಿದಳು. ಒಳಗೆ ತಣ್ಣಗಿತ್ತು, ಮೆತ್ತಗಿತ್ತು. ಬೆರಳು ಮಡಿಸಿ ಬಿಡಿಸಿದಳು. ಎರಡು ವರ್ಷ ಈ ಸುಖ ಗಾಜಿನ ಬಾಗಿಲಿನ ಅಲ್ಮೇರಾದಲ್ಲಿ ಬೀಗ ಹಾಕಿಕೊಂಡಿತ್ತು.

ಮೆಲ್ಲಗೆ ಬಿಚ್ಚಿದಳು. ಆರನ್ನೂ ಮಡಿಸಿ, ಪೊಟ್ಟಣಕ್ಕೆ ತುಂಬಿ, ಜುವಾರಿಯ ಕೈಗೆ ಕೊಟ್ಟಳು.

"ನಾವು ಹನ್ನೊಂದು ಜನ. ಇಪ್ಪತ್ತೆರಡು ಕೈ. ಎಣಿಸಿಕೊಂಡು ಬರೋಕೆ ಹೇಳು."

ಜುವಾರಿ ಬೈಕು ತಿರುಗಿಸಿದ. ಹೆಂಗಸರು ಇನ್ನೊಂದು ಸುತ್ತು ಚಹಾಕ್ಕೆ ನೀರಿಟ್ಟರು.